ಎಂಟು ಪುಟದ ನೋಟ್‌ಬುಕ್

೧೭ ನವೆಂಬರ್ ೧೯೮೮, ಗುರುವಾರ, ಕೊಯಮತ್ತೂರು

ಕುಪ್ಪಸಾಮಿಯವರ ಮುಖ ಕಣ್ಣ ಮುಂದಿನಿಂದ ಸರಿಯುತ್ತಿಲ್ಲ.

ಕಾಲೇಜಿನ ದೊಡ್ಡ ಕಂಪ್ಯೂಟರ್ ಕೆಟ್ಟಾಗ ಬರುವ ಎಲೆಕ್ಟ್ರಾನಿಕ್ ಮೇಲ್ ಹಿಡಿದಿಟ್ಟುಕೊಳ್ಳಲು ಇನ್ನೊಂದು ಯಂತ್ರ ಇಟ್ಟಿದ್ದೇವೆ. ಅದಕ್ಕೆ ನಾನು ಆರಿಸಿದ್ದು ಎಲ್ಲವನ್ನೂ ಬಲ್ಲ, ಆದರೆ ದಿನವೂ ಆರೈಕೆ ಬೇಡುವ ಪ್ರೋಗ್ರಾಂ. ನೋಡಿಕೊಳ್ಳುವವರು ಆಪರೇಟರ್ ಕುಪ್ಪಸಾಮಿ. ಮನೆಮಾತು ಕನ್ನಡ, ನನ್ನೊಡನೆ ಕನ್ನಡವನ್ನೇ ಆಡುತ್ತಾರಲ್ಲ ಎಂದು ಎಂಟು ಪುಟ ಸೂಚನೆಗಳನ್ನು ಕನ್ನಡದಲ್ಲಿ ಬರೆದುಕೊಟ್ಟಿದ್ದೆ. ವಾರವಿಡೀ ಅದನ್ನು ಮುಂದೆ ತೆರೆದಿಟ್ಟುಕೊಂಡೇ ಕೂರುತ್ತಿದ್ದರು.

ಇವತ್ತು ಮೇಲ್ ನಿಂತುಹೋಯಿತು. "ಮೂರನೇ ಪುಟದಲ್ಲಿ ಬರೆದಿದ್ದೀನಲ್ರೀ!" ಎಂದು ಎಲ್ಲರೆದುರು ರೇಗಿದೆ.

"ಮಾತು ನಮ್ದೇ ಸಾರ್. ಎಳುತ್ತು ತೆರಿಯಾದು, ಅಕ್ಷರ ಗೊತ್ತಿಲ್ಲ. ನಮ್ಮಪ್ಪಂಗೂ ಓದಕ್ಕೆ ಬರಲ್ಲ."

ಎಂಥ ಪೆದ್ದ ನಾನು! ಈ ಊರಲ್ಲಿ ಬಸ್ಸಿನ ಬೋರ್ಡಿನಿಂದ ಶಾಲೆಯ ಪುಸ್ತಕದವರೆಗೆ ಎಲ್ಲ ತಮಿಳು. ಅವರಿಗೆ ಕನ್ನಡ ಅಕ್ಷರ ಕಲಿಸಿದವರಾದರೂ ಯಾರು?

ಸಂಜೆ ಆ ಪ್ರೋಗ್ರಾಂ ಕಿತ್ತುಹಾಕಿ ಚಿಕ್ಕದೊಂದನ್ನು ಹಾಕಿದೆ. ಮೇಲ್ ಇಟ್ಟುಕೊಳ್ಳುವುದು, ದೊಡ್ಡ ಯಂತ್ರ ಎದ್ದ ಮೇಲೆ ಒಪ್ಪಿಸುವುದು, ಅಷ್ಟೇ ಅದಕ್ಕೆ ಗೊತ್ತು. ಸೂಚನೆಯೇ ಬೇಡ. ನಾಚಿಕೆಯಿಂದ ನೋಟ್‌ಬುಕ್ ವಾಪಸು ಕೇಳಿದೆ.

ಅವರು ಕೊಡಲಿಲ್ಲ.

"ಇರ್ಲಿ ಸಾರ್. ನಮ್ಮ ಮಾತು ಬರೆದ್ರೆ ಹಿಂಗಿರ್ತದೆ ಅಂತ ಅಮ್ಮಂಗೆ ತೋರ್ಸ್ಬೇಕು."