ಜೋಡಿ ಇದ್ದರೆ ಕೆಲಸ

ಟಿನ್ ಫ್ಯಾಕ್ಟರಿ ಹಿಂದಿನ ಓಣಿ, ಬೆಂಗಳೂರು
೧೨-೨-೨೦೨೬, ಗುರುವಾರ

ಸೌಂದರ್ಯಾಳ ಅಪ್ಪನಿಗೆ ಶರಣು.

ನಿಮ್ಮ ಕೆಮ್ಮು ಹೇಗಿದೆ? ಅತ್ತೆ ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗುತ್ತಾರೋ, ಇಲ್ಲ ಇನ್ನೂ ದಿಂಬಿನ ಕೆಳಗೆ ಬಚ್ಚಿಡುತ್ತಾರೋ? ನಾವಿಬ್ಬರೂ ಆರಾಮ. ಸೌಂದರ್ಯಾ ಈಗ ತನ್ನ ಜಡೆ ತಾನೇ ಹಾಕಿಕೊಂಡು ಶಾಲೆಗೆ ಹೋಗುತ್ತಾಳೆ, ಒಂದು ಜಡೆ ಮೇಲೆ, ಒಂದು ಕೆಳಗೆ. ಫೋನ್ ಮಾಡಿದರೆ ನೀವು ಹೂಂ ಹೂಂ ಅಂದು ಇಟ್ಟುಬಿಡುತ್ತೀರಿ, ಅದಕ್ಕೇ ಈ ಕಾಗದ. ಪಕ್ಕದ ಕೋಣೆಯ ಶಿವಪುತ್ರ ಸಂಜೆ ಬಸ್ಸಿಗೆ ಊರಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಕೊಡುತ್ತೇನೆ.

ಊರಿಗೆ ಹೋಗುವಾಗ ನೀವು ಹೇಳಿದ್ದು ನಾನು ಮರೆತಿಲ್ಲ. “ಸರ್ಕಾರ ರೊಕ್ಕ ಸುರದ್ರ ಕೂಲಿ ತಾನ ಹುಟ್ಟತದ, ಸುಜಾತಾ. ಊರಾಗ ಕೆರಿ ಕೆಲಸ, ಇಲ್ಲಿ ಮೋರಿ ಕೆಲಸ. ಇಬ್ಬರೂ ಒಂದೊಂದ್ ಕಡಿ ದುಡಿಯಾಮು.” ನಿರುದ್ಯೋಗ ಹೋಗಲಾಡಿಸಲು ಎಷ್ಟೋ ಕೋಟಿ ಬಿಡುಗಡೆ ಎಂದು ಟಿವಿಯಲ್ಲಿ ಹೇಳುವಾಗ ನಿಮ್ಮ ಮುಖ ನೋಡಬೇಕಿತ್ತು, ಮಗಳಿಗೆ ಗಂಡು ಗೊತ್ತಾದ ಹಾಗೆ ಅರಳಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬೇಡಿ ಎಂದು ನಾನು ಆಗಲೇ ಹೇಳಿದೆ. ಈಗ ಕೆರೆ ಕೆಲಸ ಇಂದು ನಾಳೆ ಎನ್ನುತ್ತಿದ್ದಾರಂತೆ, ನೀವು ದಿನವೂ ಪಂಚಾಯ್ತಿ ಕಟ್ಟೆಯ ಮೇಲೆ ಕೂತು ಬರುತ್ತೀರಂತೆ. ಊರಿಂದ ಬಂದ ಶಿವಪುತ್ರನ ತಮ್ಮ ಹೇಳಿದ.

ಇಲ್ಲಿ ದುಡ್ಡು ಬಂದದ್ದು ಸುಳ್ಳಲ್ಲ. ಬೆಳಿಗ್ಗೆ ನಾವು ಕೂಲಿಗೆ ನಿಲ್ಲುತ್ತಿದ್ದ ಜಾಗದಲ್ಲೇ ಮೋರಿ ಅಗೆತ ಶುರುವಾಯಿತು. ಅಗೆದದ್ದು ಯಾರು? ಒಂದು ಜೆಸಿಬಿ. ನಾವೆಲ್ಲ ಸೇರಿ ವಾರವಿಡೀ ಮಾಡುವುದನ್ನು ಅದು ಮಧ್ಯಾಹ್ನದೊಳಗೆ ಮುಗಿಸಿತು, ನಾವು ಬುಟ್ಟಿ ಹಿಡಿದು ನೋಡುತ್ತ ನಿಂತೆವು. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಆಮೇಲೆ ಅಲ್ಲಿಗೆ ತಗಡು ಅಡ್ಡ ಕಟ್ಟಿದರು. ಕೂಲಿಗೆ ಕರೆಯಲು ಬರುವ ಗಾಡಿಗಳಿಗೆ ನಿಲ್ಲಲು ಜಾಗವಿಲ್ಲ, ಹಾಗೇ ಮುಂದೆ ಹೋಗಿಬಿಡುತ್ತವೆ. ಕೆಲಸ ಕೊಡಲು ಬಂದ ಕೆಲಸ ನಾವು ನಿಲ್ಲುವ ಜಾಗವನ್ನೇ ತಿಂದಿತು. ಆದರೆ ಚಹಾದ ಸಕ್ಲೇನನಿಗೆ ವ್ಯಾಪಾರ ಏರಿದೆ. ಡ್ರೈವರು, ಪೈಪಿನವರು, ಮೇಲೆ ನಿಂತು ನೋಡುವವರು, ಎಲ್ಲರೂ ಅವನ ಹತ್ತಿರವೇ. ಗ್ಲಾಸು ತೊಳೆಯಲು ಕೆಲಸವಿಲ್ಲದ ಭಾಮೈದನನ್ನು ಸೇರಿಸಿಕೊಂಡಿದ್ದಾನೆ. “ನೋಡಕ್ಕ, ಒಬ್ಬನಿಗಾದ್ರೂ ಕೆಲ್ಸ ಹುಟ್ತಲ್ಲ” ಅನ್ನುತ್ತಾನೆ. ಹಾಗಾಗಿ ನಿಮ್ಮ ಮಾತು ಪೂರ್ತಿ ಸುಳ್ಳು ಎನ್ನಲಾರೆ. ನಮ್ಮ ಮನೆಯ ತನಕ ಬರಲಿಲ್ಲ, ಅಷ್ಟೇ.

ಮೊನ್ನೆ ಕೆಲಸ ನಮ್ಮ ತನಕವೂ ಬಂತು. ಹಲಸೂರಿನ ಹಳೆಯ ಓಣಿಗಳಲ್ಲಿ ಮೋರಿ ರಿಪೇರಿ, ಅಲ್ಲಿ ಜೆಸಿಬಿ ತೂರುವುದಿಲ್ಲ, ಕೈಯಲ್ಲೇ ಆಗಬೇಕು. ಬೇಸಿಗೆ ಮುಗಿಯುವ ತನಕ ಕೆಲಸ. ಮೇಸ್ತ್ರಿ ಚಿನ್ನಪ್ಪ ಜನ ಆರಿಸಲು ಬಂದ. ಅವನಿಗೆ ಗಂಡ ಹೆಂಡತಿ ಜೋಡಿಯೇ ಬೇಕು, ಗಂಡ ಅಗೆಯಬೇಕು, ಹೆಂಡತಿ ಹೊರಬೇಕು. ನಾನು ಮುಂದೆ ಹೋದೆ. “ಎಲ್ಲಮ್ಮ ನಿನ್ ಗಂಡ? ಹೆಸ್ರೇನು?” ಎಂದು ಕೇಳಿದ.

ನನ್ನ ಬುದ್ಧಿ ನಿಮಗೆ ಗೊತ್ತಲ್ಲ. ಗಂಡನ ಹೆಸರು ಬಾಯಲ್ಲಿ ತಂದರೆ ಅವನ ಆಯುಸ್ಸು ಕಡಿಮೆಯಾಗುತ್ತದೆ ಎಂದು ಅವ್ವ ಹೇಳಿ ಬೆಳೆಸಿದಳು. ಯಾವಾಗಲೂ ಪಕ್ಕದಲ್ಲಿ ನಿಂತು ನಿಮ್ಮ ಹೆಸರು ನೀವೇ ಹೇಳುತ್ತಿದ್ದಿರಿ. ನಾನು ಸೆರಗಿನ ತುದಿ ಸುತ್ತುತ್ತ ನೆಲ ನೋಡಿದೆ. ಅವನು ನನ್ನ ಹಣೆಯ ಕುಂಕುಮ ನೋಡಿದ, ತಗ್ಗಿದ ಮುಖ ನೋಡಿದ, ಗಂಡ ಬಿಟ್ಟವಳು ಎಂದುಕೊಂಡ. “ಪಾಪ, ಬಿಡಮ್ಮ” ಎಂದು ಮೆತ್ತಗೆ ಹೇಳಿ ಹಿಂದೆ ನಿಂತಿದ್ದ ಜೋಡಿಯನ್ನು ಕರೆದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮನೆಗೆ ಬಂದು ಅತ್ತುಬಿಟ್ಟೆ. ಸಾಕಾಗಿದೆ ನನಗೆ. ಊರಲ್ಲಿ ನೀವು ಅರ್ಧ, ಇಲ್ಲಿ ನಾನು ಅರ್ಧ, ಎಲ್ಲೂ ಪೂರ್ತಿ ಕೆಲಸವಿಲ್ಲ.

ಅತ್ತೆಯ ಪಾದಕ್ಕೆ ನನ್ನ ನಮಸ್ಕಾರ ಹೇಳಿ. ನೀವು ಬೀಡಿ ಬಿಟ್ಟಿದ್ದೀರಿ ಎಂದು ನಂಬಿದ್ದೇನೆ. ಸೌಂದರ್ಯಾ ಮುತ್ತು ಕಳಿಸಿದ್ದಾಳೆ.

ನಿಮ್ಮ
ಸುಜಾತಾ

ತಾ.ಕ.: ಶಿವಪುತ್ರ ಚೀಲ ಹೆಗಲಿಗೆ ಹಾಕಿ ಬಾಗಿಲಲ್ಲಿ ನಿಂತಿದ್ದಾನೆ. ಬರೆಯಲೋ ಬೇಡವೋ ಎಂದು ಇಷ್ಟು ಹೊತ್ತು ಬಿಟ್ಟಿದ್ದೆ. ಇವತ್ತು ಬೆಳಿಗ್ಗೆ ಚಿನ್ನಪ್ಪ ಮತ್ತೆ ಬಂದಿದ್ದ. ಅವನು ಕೇಳುವ ಮೊದಲೇ ಎಲ್ಲರಿಗೂ ಕೇಳುವ ಹಾಗೆ ಹೇಳಿಬಿಟ್ಟೆ: “ನನ್ನ ಗಂಡನ ಹೆಸರು ಜಟ್ಟೆಪ್ಪ. ಊರಿಗಿ ಹೋಗ್ಯಾರ, ಸೋಮವಾರ ಬರ್ತಾರ.” ಸಕ್ಲೇನ್ ಚಹಾ ಸುರಿಯುವುದನ್ನೇ ನಿಲ್ಲಿಸಿದ. ಸೋಮವಾರದ ತನಕ ಒಂದು ಜೋಡಿಯ ಜಾಗ ಇಟ್ಟಿರುತ್ತೇನೆ ಎಂದು ಚಿನ್ನಪ್ಪ ಒಪ್ಪಿದ್ದಾನೆ. ಅವ್ವನ ಮಾತು ನಿಜವಾಗಿದ್ದರೆ ನಿಮ್ಮ ಆಯುಸ್ಸಿನಲ್ಲಿ ಸ್ವಲ್ಪ ಹೋಯಿತು. ಉಳಿದದ್ದನ್ನು ಪಂಚಾಯ್ತಿ ಕಟ್ಟೆಯ ಮೇಲೆ ಕಳೆಯಬೇಡಿ. ಬನ್ನಿ.