ಗೆರೆಗೆರೆಯಾಗಿ ಇಳಿದ ಮುಗಿಲುಪಟ

ಕಡಲೇರಿದ ಮೇಲಿನ ನೂರಹನ್ನೊಂದನೇ ವರ್ಷ, ಸ್ವಾತಿ ಮಳೆಯ ಕಾಲ
ಗುಡ್ಡೆಕೇರಿ, ಮುಳುಗಿದ ಕುಂದಾಪುರದ ಮೂಡಣ ಏರು

ಹಿಂದಿನವರೇ,

ನಿಮ್ಮ ಕನ್ನಡವನ್ನು ನಾನು ಹಳೆಯ ಪುಸ್ತಕಗಳಿಂದ ಕಲಿತವಳು. ನಡುವೆ ನಮ್ಮ ಕಾಲದ ಮಾತು ನುಸುಳಿದರೆ ಮನ್ನಿಸಬೇಕು. ಉಪಗ್ರಹವನ್ನು ನಾವು ಮೇಲ್ಗಣ್ಣು ಎನ್ನುತ್ತೇವೆ. ಅದು ತೆಗೆದ ಮೋಡಗಳ ಚಿತ್ರ ಮುಗಿಲುಪಟ. ನೀವು ಮೋಡೆಮ್ ಎಂದು ಕರೆದು ಮೂಲೆಗೆಸೆದ ಡಬ್ಬಿ ನಮಗೆ ಕೀರುಪೆಟ್ಟಿಗೆ. ತಂತಿಯಲ್ಲಿ ಚಿತ್ರ ಇಳಿಸುವಾಗ ಅದು ಕೀರಲು ದನಿಯಲ್ಲಿ ಅರಚುತ್ತದೆ. ನಮ್ಮ ಕೇರಿಯಲ್ಲಿ ಅದನ್ನು ನೋಡಿಕೊಳ್ಳುವವಳು ನಾನು, ಭಾಗೀರಥಿ.

ನಾವು ಮೀನು ಹಿಡಿದು ಬದುಕುವವರು. ಹೊಸ ಮೇಲ್ಗಣ್ಣುಗಳೆಲ್ಲ ಬಂದರುಕೂಟದ, ಎಂದರೆ ದೊಡ್ಡ ಹಡಗುಗಳ ಒಡೆಯರ ಕೈಯಲ್ಲಿವೆ. ಅವುಗಳ ಪಟ ಕೊಳ್ಳಬೇಕೆಂದರೆ ದೋಣಿಯನ್ನೇ ಮಾರಬೇಕಾದೀತು. ಕೊಳ್ಳಲಾಗದವರಿಗೆಂದು ಬಂದರಿನ ಕಂಬಕ್ಕೆ ಬಾವುಟ ಏರಿಸುತ್ತಾರೆ. ಹಸಿರಿದ್ದರೆ ಕಡಲಿಗಿಳಿಯಬಹುದು, ಕೆಂಪಿದ್ದರೆ ಇಲ್ಲ. ಆ ಬಾವುಟ ಸುಳ್ಳಾಡುವುದಿಲ್ಲ, ಆದರೆ ಅದು ಉಕ್ಕಿನ ಹಡಗುಗಳನ್ನು ನೋಡಿ ಹಾರಿಸಿದ್ದು. ಹಡಗು ತಡೆದುಕೊಳ್ಳುವ ಗಾಳಿ ನಮ್ಮ ದೋಣಿಯನ್ನು ಮಗುಚಿಹಾಕುತ್ತದೆ.

ಪುಣ್ಯಕ್ಕೆ ಹಳೆಯ ಮೇಲ್ಗಣ್ಣೊಂದು ಇನ್ನೂ ಸುತ್ತುತ್ತಿದೆ. ಅದಕ್ಕೆ ಬೀಗವಿಲ್ಲ, ಕೇಳಿಸಿಕೊಳ್ಳುವ ಎಲ್ಲರಿಗೂ ಚಿತ್ರ ಕೊಡುತ್ತದೆ. ಕೆಳಗೆ ಬಂದರಿನ ಯಂತ್ರಗಳ ಗದ್ದಲದಲ್ಲಿ ಅದರ ದನಿ ನಮಗೆ ಸಿಗದು. ಆದ್ದರಿಂದ ಘಟ್ಟದ ಮೇಲಿರುವ ವಾರಿಜಕ್ಕ ಅದನ್ನು ಹಿಡಿದು, ನಿಮ್ಮ ಕಾಲದವರು ಹೂತಿಟ್ಟ ಟೆಲಿಫೋನಿನ ತಾಮ್ರದ ತಂತಿಯಲ್ಲಿ ನಮಗೆ ಕಳಿಸುತ್ತಾಳೆ. ಪಟ ಒಮ್ಮೆಗೇ ಬರುವುದಿಲ್ಲ. ಬಡಗಣ ತುದಿಯಿಂದ ಶುರುವಾಗಿ ಗೆರೆಯ ಕೆಳಗೆ ಗೆರೆ ಮೂಡುತ್ತದೆ. ಅದಷ್ಟೂ ಹೊತ್ತು ಆ ತಂತಿಯಲ್ಲಿ ಮಾತಾಡುವಂತಿಲ್ಲ.

ಕಳೆದ ವಾರ ಒಂದು ಬೆಳಿಗ್ಗೆ ಹಸಿರು ಬಾವುಟ ಹಾರುತ್ತಿತ್ತು. ಕೇರಿಯ ಹಿರಿಯರಾದ ಗುರಿಕಾರರ ಮಗಳು ರುಕ್ಕು ಆಗಲೇ ತನ್ನ ದೋಣಿ ಹೊರಡಿಸಿದ್ದಳು. ಉಳಿದ ದೋಣಿಗಳು ದಡದಲ್ಲಿದ್ದವು. ಗುರಿಕಾರರು ನನ್ನ ಬಾಗಿಲಿಗೆ ಬಂದರು.

"ಹಸ್ರ್ ಬಾವ್ಟ ಹಾರ್ತಿತ್ತ್, ಕಾಣ್. ಇನ್ನೆಂತಕ್ಕೆ ತಡ?"

"ಪಟ ಅರ್ಧ ಬಂದಿತ್ ಅಷ್ಟೇ, ಗುರಿಕಾರ್ರೆ. ಗೋವಾ ಬದಿ ಚೊಕ್ಕ ಇತ್. ತೆಂಕ್ ಬದಿ ಇನ್ನೂ ಬರ್ಲಿಲ್ಲ. ಒಂಚೂರ್ ನಿಲ್ಲಿ."

ಅಷ್ಟರಲ್ಲೇ ಪೆಟ್ಟಿಗೆಯ ಅರಚಾಟ ನಿಂತಿತು. ನಾನು ಮಾತಿನ ಗುಂಡಿ ಒತ್ತಿದೆ. ಕರಕರ ಸದ್ದಿನ ನಡುವೆ ವಾರಿಜಕ್ಕನ ಕೂಗು ಕೇಳಿಸಿತು: "ಹೆಣ್ಣೆ, ತೆಂಕ್ ಬದಿ ದೊಡ್ಡ ಸುಳಿಗಾಳಿ ಇತ್! ಯಾರನ್ನೂ ಬಿಡ್ಬೇಡ!" ಆಮೇಲೆ ತಂತಿ ಪೂರ್ತಿ ಸತ್ತುಹೋಯಿತು.

ಗುರಿಕಾರರು ಒಪ್ಪಲಿಲ್ಲ. "ಹ್ವಾದ್ ವರ್ಷವೂ ಅವ್ಳ್ ಹೀಂಗೇ ಕೂಗಿದ್ಲ್. ಎಂತ ಬಂತ್? ಮಕ್ಳ್ ಉಪಾಸ ಬಿದ್ದದ್ದೇ ಸೈ. ನಂಗ್ ಕಣ್ಣಾರೆ ಕಾಣ್ಕ್."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಹೋದ ವರ್ಷ ಬಾರದ ಗಾಳಿಗೆ ಹೆದರಿ ನಾವು ದಡದಲ್ಲೇ ಕೂತಿದ್ದೆವು. "ಕಾಣ್ಸ್ತೆ. ಅಲ್ಲಿವರೆಗೆ ದೋಣಿ ಇಳ್ಸ್‌ಬೇಡಿ," ಎಂದು ಹೇಳಿ ತಂತಿಯ ಜಾಡು ಹಿಡಿದು ಓಡಿದೆ.

ಹಲಸಿನ ಮರದ ಬುಡದಲ್ಲಿ ತಂತಿಯ ಬೆಸುಗೆ ಕಳಚಿತ್ತು. ಗುಂಡಿಯಲ್ಲಿ ಮಳೆನೀರು ನಿಂತಿತ್ತು. ಕೈಯಿಂದ ನೀರು ಗೋರಿದೆ, ಸೆರಗಿನಿಂದ ತಾಮ್ರ ಒರೆಸಿದೆ, ಹಲ್ಲಿನಿಂದ ಕಿಲುಬು ಕೆರೆದೆ. ಒದ್ದೆ ಎಳೆಗಳು ಜಾರುತ್ತಿದ್ದವು. ದಡದಲ್ಲಿ ಯಾರೋ ದೋಣಿ ನೂಕುವ ಕೂಗು ಹಾಕುತ್ತಿದ್ದರು. ಎರಡೂ ತುದಿಗಳನ್ನು ಹುರಿಮಾಡಿ ಬಿಗಿದು, ಮೇಲೆ ಮೇಣ ಮೆತ್ತಿ ವಾಪಸಾದಾಗ ಪೆಟ್ಟಿಗೆ ಮತ್ತೆ ಅರಚುತ್ತಿತ್ತು. ವಾರಿಜಕ್ಕ ತೆಂಕಣ ಭಾಗವನ್ನಷ್ಟೇ ಮತ್ತೆ ಕಳಿಸುತ್ತಿದ್ದಳು.

ದೋಣಿ ನೂಕುತ್ತಿದ್ದವರನ್ನು ತಡೆದು ಬಂದ ಗುರಿಕಾರರು ನನ್ನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. ಮೊದಲ ಗೆರೆಗಳಲ್ಲಿ ಬರೀ ಕಡಲು. ನಂತರ ಅಂಚಿನಲ್ಲಿ ಬೆಳ್ಳಗಿನ ಎಳೆ. ಎಳೆ ದಪ್ಪವಾಯಿತು, ಬಾಗಿತು, ಇನ್ನೊಂದು ಬದಿಯಿಂದ ಬಾಗಿ ಬಂದ ಎಳೆಯನ್ನು ಕೂಡಿತು. ನಡುವೆ ಕಪ್ಪು ಚುಕ್ಕೆಯೊಂದು ಮೂಡಿತು. ಅದು ಸುಳಿಯ ಕಣ್ಣು. ಅದು ಏನೆಂದು ನಾನು ಹೇಳಬೇಕಾಗಲಿಲ್ಲ.

"ದೇವ್ರೇ, ರುಕ್ಕು ಆಚಿಗಿದ್ಲಲ್ಲೇ," ಎಂದರು ಅವರು. ಆ ದನಿಯನ್ನು ನಾನು ಮರೆಯಲಾರೆ.

ದೋಣಿಯಲ್ಲಿ ಮಾತಿನ ಯಂತ್ರವಿರಲಿಲ್ಲ. ಕೇರಿಗೆ ಕೇರಿಯೇ ಗುಡ್ಡದ ನೆತ್ತಿಗೆ ತೆಂಗಿನ ಸಿಪ್ಪೆ ಹೊತ್ತೊಯ್ದಿತು. ಒದ್ದೆ ಸಿಪ್ಪೆಗೆ ಬೆಂಕಿಯಿಟ್ಟು ದಟ್ಟ ಹೊಗೆ ಎಬ್ಬಿಸಿದೆವು. ಹಿಂತಿರುಗಿ ಎಂದು ಅದರ ಅರ್ಥ. ಹೊಗೆ ನೇರ ಏಳದೆ ಗಾಳಿಗೆ ಬಾಗುತ್ತಿತ್ತು. ಗುರಿಕಾರರು ತಮ್ಮ ಮನೆಯ ಮಾಡಿನ ಸೋಗೆಯನ್ನೂ ಕಿತ್ತು ತಂದು ಹಾಕಿದರು. ಕಡೆಗೆ ಅಲೆಗಳ ನಡುವೆ ರುಕ್ಕುವಿನ ಹಾಯಿ ತಿರುಗಿದ್ದು ಕಾಣಿಸಿತು. ಅವಳು ದಡ ಮುಟ್ಟುವಾಗ ಹಾಯಿ ಹರಿದಿತ್ತು, ದೋಣಿಯಲ್ಲಿ ಮೊಣಕಾಲುದ್ದ ನೀರಿತ್ತು, ಆದರೆ ಹೋದವರೆಲ್ಲ ಅದರಲ್ಲಿದ್ದರು.

ಸಂಜೆಯೊಳಗೆ ಗಾಳಿ ಬಂತು. ಬಾವುಟವೂ ಕೆಂಪಾಯಿತು. ಬಂದರಿನ ಹಡಗುಗಳಿಗೆ ಏನೂ ಆಗಲಿಲ್ಲ. ನಮ್ಮ ಬಡಗಣ ನೆರೆಯ ಹೊಸಬೀಡಿನವರಿಗೆ ತಂತಿಯೂ ಇಲ್ಲ, ಪೆಟ್ಟಿಗೆಯೂ ಇಲ್ಲ. ಅವರು ಬೆಳಗಿನ ಹಸಿರನ್ನು ನಂಬಿ ಹೋಗಿದ್ದರು. ಅವರ ದೋಣಿಗಳಲ್ಲಿ ಒಂದೂ ಮರಳಲಿಲ್ಲ. ಮರುದಿನ ರುಕ್ಕು ಅಲ್ಲಿಗೆ ಹೋಗಿ, ದಡದಲ್ಲಿ ಕೂತಿದ್ದ ಹೆಂಗಸರ ನಡುವೆ ಕೂತಿದ್ದು ವಾಪಸಾದಳು. ಮನೆಗೆ ಬಂದ ಮೇಲೆ ಅಪ್ಪನಿಗೆ ಹೇಳಿದ್ದು ಒಂದೇ ಮಾತು: "ಅಲ್ಲಿಗೂ ತಂತಿ ಎಳೀಕ್, ಅಪ್ಪಯ್ಯ."

ಈಗ ಎಳೆಯುತ್ತಿದ್ದೇವೆ. ಗುರಿಕಾರರೇ ಹಾರೆ ಹಿಡಿದಿದ್ದಾರೆ. ಪೆಟ್ಟಿಗೆಯೊಂದನ್ನು ಹೇಗೋ ಜೋಡಿಸಿದ್ದೇನೆ, ಆದರೆ ತಾಮ್ರ ಸಾಲುತ್ತಿಲ್ಲ. ಹೊಸಬೀಡಿನ ದಾರಿಯಲ್ಲಿ ಅಗೆದಲ್ಲೆಲ್ಲ ಬರಿದಾದ ಕೊಳವೆ ಸಿಗುತ್ತಿದೆ. ಒಳಗಿನ ತಂತಿಯನ್ನು ನಿಮ್ಮ ಕಾಲದಲ್ಲೇ ಯಾರೋ ಕಿತ್ತು ಗುಜರಿಗೆ ಹಾಕಿದ್ದಾರೆ. ಇನ್ನು ಬೇಡವೆಂದು ನಿಮಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಈ ಓಲೆ ನಿಮ್ಮನ್ನು ಹೇಗೆ ತಲುಪೀತೋ ನಾನರಿಯೆ. ತಲುಪಿದರೆ, ನೀವು ಹಾರಿಸುವ ಮೇಲ್ಗಣ್ಣುಗಳಿಗೆ ಬೀಗ ಹಾಕಲು ಬರುವವರನ್ನು ತಡೆಯಿರಿ. ಮಣ್ಣಿನೊಳಗೆ ಉಳಿದಿರುವ ತಂತಿಯನ್ನು ಅಲ್ಲಿಯೇ ಬಿಡಿ. ಹೊಸಬೀಡಿನಲ್ಲಿ ಉಳಿದವರು ಮತ್ತೆ ದೋಣಿ ಕಟ್ಟುತ್ತಿದ್ದಾರೆ.

ಭಾಗೀರಥಿ