ಕೂರೋ ಕಟ್ಟೆಯಲ್ಲ

ಹುಳಿಮಾವು

ಲೋಹಿತ,

ನಾಚಿಕೆಗೆಟ್ಟವನೇ, ನೀನು ಫೋನ್ ಎತ್ತಲ್ಲ ಅಂತ ಕಾಗದ ಬರೀತಿದ್ದೀನಿ. ಪೂರ್ತಿ ಓದು.

ಕೆರೆ ಪಕ್ಕದ ನಮ್ಮ ತೋಟದ ಫೋಟೊ ಇಂಟರ್‌ನೆಟ್ಟಲ್ಲಿ ಹಾಕಿ, "ಸೂರ್ಯ ಹುಟ್ಟೋದು ಸಖತ್ತಾಗಿ ಕಾಣುತ್ತೆ, ಕೂರೋಕೆ ಕಲ್ಲುಕಟ್ಟೆನೂ ಇದೆ" ಅಂತ ಊರಿಗೆಲ್ಲ ದಾರಿ ತೋರಿಸಿದ್ದೀಯಂತೆ. ನಿನ್ನ ತಂಗಿ ಓದಿ ಹೇಳಿದಳು. ಅದು ಕಟ್ಟೆಯೇನೋ? ನಿಮ್ಮ ತಾತನ ಸಮಾಧಿ. ಮೂರು ಹಿಡಿ ಮಣ್ಣು ಹಾಕಿದವನು ನೀನೇ.

ನಿನ್ನೆ ಅವರ ತಿಥಿ. ಎಡೆ ಇಡೋಕೆ ಹೋದರೆ, ಮದುವೆ ಹುಡುಗಿಯೊಬ್ಬಳು ಚಪ್ಪಲಿ ಕಾಲಲ್ಲೇ ಅದರ ಮೇಲೆ ನಿಂತಿದ್ದಳು. "ಅಜ್ಜಿ, ಫೋಟೊದಲ್ಲಿ ಬರ್ತಿದ್ದೀರ, ಸ್ವಲ್ಪ ಪಕ್ಕಕ್ಕೆ ಹೋಗಿ" ಅಂದ ಕ್ಯಾಮೆರಾದವನು. ಎಡೆ ವಾಪಸ್ ತಂದೆ.

ಆ ಫೋಟೊ ತೆಗಿ. ಬಂದು ಬೇಲಿ ಹಾಕು. ಇಲ್ಲದಿದ್ದರೆ ನನ್ನನ್ನ ಅವರ ಪಕ್ಕ ಹೂಳಬೇಡ, ಸುಟ್ಟುಬಿಡು. ಯಾವುದು ಅಂತ ಮುಂದಿನ ತಿಂಗಳು ಹುಟ್ಟೋದರೊಳಗೆ ಬರೆದು ತಿಳಿಸು.

ನಿನ್ನಜ್ಜಿ,
ಪಿಳ್ಳಮ್ಮ